ಕಾಣದ ಹೊಳೆಯ ಅಳತೆ

ಹೊಳೆಯಲ್ಲಿ ಹರಿಯುವ ನೀರನ್ನು ಅಳೆಯುವುದು ಅಷ್ಟೇನೂ ಕಠಿಣವಾದ ಕಾರ್ಯವಲ್ಲ. ದಡದಲ್ಲಿ ನಿಂತು ಪಾತ್ರದ ಅಗಲವನ್ನೂ ಆಳವನ್ನೂ ಗುರುತಿಸಿಕೊಂಡು, ಒಂದು ಒಣ ಎಲೆಯನ್ನು ತೇಲಿಬಿಟ್ಟು, ಅದು ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಸಾಗಿತೆಂಬುದನ್ನು ನೋಡಿದರೆ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿ ದೊರೆಯುತ್ತದೆ. ಆದರೆ ಹೊಳೆಯು ನೆಲದಡಿಯಲ್ಲಿ ಹರಿಯುತ್ತಿದ್ದರೆ? ಅದರ ದಡ ಕಾಣದು, ಆಳ ತಿಳಿಯದು, ಎಲೆಯನ್ನು ತೇಲಿಬಿಡುವಂತೆಯೂ ಇಲ್ಲ. ಅಂಥ ಹೊಳೆಯೊಂದು ನಮ್ಮೆಲ್ಲರ ದೇಹದೊಳಗೆ ಹಗಲಿರುಳೂ ಹರಿಯುತ್ತಿದೆ. ಅದು ಮೂತ್ರಪಿಂಡಗಳ ಮೂಲಕ ಹಾದುಹೋಗುವ ರಕ್ತದ ಹೊಳೆ. ದೇಹವನ್ನು ಕೊಯ್ಯದೆ, ಎಚ್ಚರವಾಗಿಯೇ ಮಲಗಿರುವ ಮನುಷ್ಯನಲ್ಲಿ ಈ ಹೊಳೆಯನ್ನು ಅಳೆಯುವ ಉಪಾಯವನ್ನು ಇಪ್ಪತ್ತನೆಯ ಶತಮಾನದ ವಿಜ್ಞಾನಿಗಳು ಕಂಡುಹಿಡಿದರು. ಆ ಉಪಾಯದ ಬೆಲೆ ಎಂಥದೆಂಬುದು ಎರಡನೆಯ ಮಹಾಯುದ್ಧದ ಗಾಯಾಳುಗಳ ನಡುವೆ ತಿಳಿದುಬಂದಿತು.

ಮೂತ್ರಪಿಂಡಗಳು ಎರಡು. ಹೊಟ್ಟೆಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಎಡಕ್ಕೊಂದು ಬಲಕ್ಕೊಂದರಂತೆ, ಕೊನೆಯ ಪಕ್ಕೆಲುಬುಗಳ ಆಸರೆಯಲ್ಲಿ ಅವು ಇವೆ. ಆಕಾರ ಅವರೆಬೀಜದಂತೆ, ಗಾತ್ರ ಮುಷ್ಟಿಯಷ್ಟು, ತೂಕ ಒಂದೊಂದೂ ಸುಮಾರು 150 ಗ್ರಾಂ. ಮಹಾಧಮನಿಯಿಂದ ಕವಲೊಡೆದು ಬರುವ ಒಂದು ಧಮನಿ ಪಿಂಡದೊಳಕ್ಕೆ ರಕ್ತವನ್ನು ತರುತ್ತದೆ. ಒಂದು ಅಭಿಧಮನಿ ಅದನ್ನು ಮರಳಿ ಹೃದಯದ ಕಡೆಗೆ ಒಯ್ಯುತ್ತದೆ. ಮೂರನೆಯ ನಾಳವೊಂದು ಮೂತ್ರವನ್ನು ಮೂತ್ರಕೋಶಕ್ಕೆ ಇಳಿಸುತ್ತದೆ. ಹೊರಗಿನಿಂದ ಕಾಣುವುದು ಇಷ್ಟೇ.

ಒಳಗಿನ ರಚನೆಯನ್ನು ಸೂಕ್ಷ್ಮವಾಗಿ ಕಂಡವರಲ್ಲಿ ಒಬ್ಬನು ಇಟಲಿಯ ಮಾಲ್ಪೀಘಿ. ಆತ ಧಮನಿಯೊಳಕ್ಕೆ ಬಣ್ಣದ ದ್ರವವನ್ನು ತುಂಬಿ, ಪಿಂಡವನ್ನು ಸೀಳಿ, ಸೂಕ್ಷ್ಮದರ್ಶಕದಲ್ಲಿ ನೋಡಿದನು. ಕವಲುಕವಲಾಗಿ ಒಡೆದ ರಕ್ತನಾಳಗಳ ತುದಿಗಳಲ್ಲಿ, ರೆಂಬೆಗಳಿಗೆ ಹಣ್ಣು ಜೋತುಬಿದ್ದಂತೆ, ಅತಿ ಸಣ್ಣ ಗುಂಡುಗಳು ಅವನಿಗೆ ಕಂಡವು. ಇದನ್ನು ಆತ 1666ರಲ್ಲಿ ಪ್ರಕಟಿಸಿದನು. ಆ ಗುಂಡುಗಳಿಗೂ ಮೂತ್ರಕ್ಕೂ ಇರುವ ಸಂಬಂಧ ಸ್ಪಷ್ಟವಾಗಲು ಮತ್ತೆ 176 ವರ್ಷಗಳು ಬೇಕಾದವು. 1842ರಲ್ಲಿ ಇಂಗ್ಲೆಂಡಿನ ವಿಲಿಯಂ ಬೌಮನ್, ಆಗ ಅವನಿಗೆ ಇಪ್ಪತ್ತೈದೇ ವರ್ಷ, ಪ್ರತಿಯೊಂದು ಗುಂಡೂ ಲೋಮನಾಳಗಳ ಒಂದು ಗೊಂಚಲೆಂದೂ, ಆ ಗೊಂಚಲನ್ನು ಬಟ್ಟಲಿನಂತೆ ಸುತ್ತುವರಿದ ತೆಳುವಾದ ಪೊರೆಯೇ ಮುಂದೆ ಉದ್ದವಾದ ನಳಿಕೆಯಾಗುತ್ತದೆಂದೂ ತೋರಿಸಿದನು. ಇಂಥ ಗೊಂಚಲು ಮತ್ತು ನಳಿಕೆಗಳ ಜೋಡಿಗೆ ನೆಫ್ರಾನ್ ಎಂದು ಹೆಸರು. ಒಂದೊಂದು ಮೂತ್ರಪಿಂಡದಲ್ಲಿಯೂ ಸುಮಾರು ಹತ್ತು ಲಕ್ಷ ನೆಫ್ರಾನುಗಳಿವೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ದೇಹದ ಇತರ ಕಡೆಗಳಲ್ಲಿ ರಕ್ತವು ಒಂದು ಸಲ ಲೋಮನಾಳಗಳನ್ನು ಹಾದ ಬಳಿಕ ನೇರವಾಗಿ ಅಭಿಧಮನಿಯನ್ನು ಸೇರುತ್ತದೆ. ಮೂತ್ರಪಿಂಡದಲ್ಲಿ ಹಾಗಲ್ಲ. ಗೊಂಚಲಿನ ಲೋಮನಾಳಗಳನ್ನು ಹಾದ ರಕ್ತ ಮತ್ತೊಂದು ಕಿರುಧಮನಿಯಲ್ಲಿ ಕೂಡಿಕೊಂಡು, ಪುನಃ ಲೋಮನಾಳಗಳ ಬಲೆಯಾಗಿ ಹರಡಿ, ನಳಿಕೆಗಳನ್ನು ಹೊರಗಿನಿಂದ ಸುತ್ತುವರಿಯುತ್ತದೆ. ಎಂದರೆ ಇಲ್ಲಿ ರಕ್ತಕ್ಕೆ ಎರಡು ನಿಲ್ದಾಣಗಳು. ಈ ಎರಡನೆಯ ನಿಲ್ದಾಣ ಏತಕ್ಕಾಗಿ ಇದೆಯೆಂಬುದೇ ಮುಂದಿನ ಕಥೆಯ ಕೀಲಿ.

ಗೊಂಚಲು ರಕ್ತವನ್ನು ಸೋಸುತ್ತದೆ, ನಳಿಕೆಯು ಸೋಸಿದ ನೀರಿನಲ್ಲಿ ಬೇಕಾದುದನ್ನು ಹಿಂದಕ್ಕೆ ಹೀರಿಕೊಳ್ಳುತ್ತದೆ ಎಂದು ಜರ್ಮನಿಯ ಕಾರ್ಲ್ ಲುಡ್ವಿಗ್ ವಾದಿಸಿದನು. ಹಾಗಲ್ಲ, ನಳಿಕೆಯ ಜೀವಕೋಶಗಳೇ ರಕ್ತದಿಂದ ಕಲ್ಮಷವನ್ನು ಆರಿಸಿ ಒಳಕ್ಕೆ ಸ್ರವಿಸುತ್ತವೆ ಎಂದು ಬೇರೆಯವರು ಹೇಳಿದರು. ವಾದ ಎಂಬತ್ತು ವರ್ಷಗಳ ಕಾಲ ನಡೆಯಿತು. 1924ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಎ. ಎನ್. ರಿಚರ್ಡ್ಸ್ ಮತ್ತು ಅವನ ಸಂಗಡಿಗನು, ಕೂದಲಿಗಿಂತಲೂ ಸಣ್ಣ ತುದಿಯುಳ್ಳ ಗಾಜಿನ ಕೊಳವೆಯನ್ನು ಕಪ್ಪೆಯ ಮೂತ್ರಪಿಂಡದ ಒಂದೇ ಒಂದು ಬಟ್ಟಲಿಗೆ ಚುಚ್ಚಿ, ಅಲ್ಲಿನ ದ್ರವವನ್ನು ಹೊರಕ್ಕೆಳೆದು ಪರೀಕ್ಷಿಸಿದರು. ಅದರಲ್ಲಿ ಸಕ್ಕರೆಯಿತ್ತು, ಉಪ್ಪಿತ್ತು, ಪ್ರೋಟೀನು ಇರಲಿಲ್ಲ. ಗೊಂಚಲು ಒಂದು ಸೋಸಣಿಗೆಯೆಂಬುದು ಹೀಗೆ ಸ್ಥಿರಪಟ್ಟಿತು.

ಲುಡ್ವಿಗನ ಪಕ್ಷ ಗೆದ್ದಿತು ಎನ್ನುವಷ್ಟರಲ್ಲಿ ಬಾಲ್ಟಿಮೋರಿನ ಇ. ಕೆ. ಮಾರ್ಷಲ್ ಎಂಬ ಸಂಶೋಧಕನ ಪ್ರಯೋಗಗಳು ಅಡ್ಡಬಂದವು. ಆತ ಫಿನಾಲ್ ಕೆಂಪು ಎಂಬ ಬಣ್ಣವನ್ನು ನಾಯಿಯ ರಕ್ತಕ್ಕೆ ಸೇರಿಸಿದ್ದನು. ಈ ಬಣ್ಣದ ಬಹುಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡಿರುವುದರಿಂದ ಸೋಸಣಿಗೆಯನ್ನು ದಾಟಲಾರದು. ಆದರೂ ಮೂತ್ರದಲ್ಲಿ ಅದು ಧಾರಾಳವಾಗಿ ಬಂದಿತು. ಹಾಗಾದರೆ ಅದನ್ನು ಹೊರಹಾಕಿದವರು ಯಾರು? ನಳಿಕೆಗಳೇ ಇರಬೇಕು. ಮುಂದೆ ಮೇನ್ ಪ್ರಾಂತದ ಕಡಲತೀರದ ಪ್ರಯೋಗಶಾಲೆಯಲ್ಲಿ ಕೆಲವು ಸಮುದ್ರಮೀನುಗಳನ್ನು ಪರೀಕ್ಷಿಸಿದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ. ಆ ಮೀನುಗಳ ಮೂತ್ರಪಿಂಡದಲ್ಲಿ ಗೊಂಚಲುಗಳೇ ಇಲ್ಲ, ಬರಿಯ ನಳಿಕೆಗಳಿವೆ. ಆದರೂ ಅವು ಮೂತ್ರವನ್ನು ಉತ್ಪಾದಿಸುತ್ತವೆ, ಆ ಬಣ್ಣವನ್ನೂ ಹೊರಹಾಕುತ್ತವೆ. ವಾದಿಸಿದ ಎರಡು ಪಕ್ಷಗಳೂ ಅರ್ಧರ್ಧ ಸತ್ಯವನ್ನು ಹಿಡಿದಿದ್ದವು. ವಿಜ್ಞಾನದಲ್ಲಿ ಇದು ಅಪರೂಪವೇನಲ್ಲ.

ಮಾರ್ಷಲ್ಲನೊಡನೆ ಹಿಂದೆ ಕೆಲಸ ಮಾಡಿದ್ದ, ಆ ಕಡಲತೀರದ ಪ್ರಯೋಗಗಳಲ್ಲಿಯೂ ತೊಡಗಿದ್ದ ಹೋಮರ್ ಸ್ಮಿತ್ ನಮ್ಮ ಕಥೆಯ ಮುಖ್ಯ ಪುರುಷ. ಆತ 1895ರಲ್ಲಿ ಅಮೆರಿಕದ ಕೊಲರಾಡೋ ಪ್ರಾಂತದಲ್ಲಿ ಹುಟ್ಟಿದನು. 1928ರಿಂದ ಮೂರು ದಶಕಗಳಿಗೂ ಹೆಚ್ಚು ಕಾಲ ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾಗಿದ್ದು 1962ರಲ್ಲಿ ತೀರಿಕೊಂಡನು. ಮೀನಿನಿಂದ ಮನುಷ್ಯನವರೆಗೆ ಮೂತ್ರಪಿಂಡವು ಬೆಳೆದು ಬಂದ ಬಗೆಯನ್ನು ಕುರಿತು ಆತ ಬರೆದ ಗ್ರಂಥ ವೈದ್ಯರಲ್ಲದವರಿಗೂ ಪ್ರಿಯವಾಯಿತು. ಆತನ ಹಟ ಒಂದೇ: ಮನುಷ್ಯನ ಮೂತ್ರಪಿಂಡದ ಕೆಲಸವನ್ನು ಅಂಕಿಗಳಲ್ಲಿ ಹೇಳಬೇಕು, ಅದೂ ಮನುಷ್ಯನಿಗೆ ನೋವಾಗದಂತೆ.

ಅದಕ್ಕೆ ಮೊದಲು ರಕ್ತದ ಹರಿವನ್ನು ಅಳೆದವರು ಇರಲಿಲ್ಲವೆಂದಲ್ಲ. ನಾಯಿಗೆ ಅರಿವಳಿಕೆ ಕೊಟ್ಟು, ಹೊಟ್ಟೆಯನ್ನು ಸೀಳಿ, ಪಿಂಡದ ರಕ್ತನಾಳಕ್ಕೆ ಅಳತೆಯ ಉಪಕರಣವನ್ನು ಜೋಡಿಸುತ್ತಿದ್ದರು. ಆದರೆ ಅರಿವಳಿಕೆಯೂ ಶಸ್ತ್ರಕ್ರಿಯೆಯೂ ಸೇರಿ ಅಳೆಯಬೇಕಾದ ಹರಿವನ್ನೇ ಬದಲಾಯಿಸಿಬಿಡುತ್ತವೆ. ಬಾಗಿಲನ್ನು ಒದ್ದು ಒಳನುಗ್ಗಿ, ಮನೆಯವರು ಪ್ರತಿದಿನವೂ ಹೀಗೆಯೇ ಗಾಬರಿಯಲ್ಲಿರುತ್ತಾರೆಂದು ವರದಿ ಬರೆದಂತಾಯಿತು! 1934ರಲ್ಲಿ ವ್ಯಾನ್ ಸ್ಲೈಕ್ ಮೊದಲಾದವರು ಜಾಣತನದ ಮತ್ತೊಂದು ಮಾರ್ಗವನ್ನು ಹಿಡಿದರು. ನಾಯಿಯ ಮೂತ್ರಪಿಂಡವನ್ನು ಚರ್ಮದ ಅಡಿಗೆ ಸರಿಸಿಟ್ಟು, ಗಾಯ ಮಾಗಿದ ಮೇಲೆ, ಎಚ್ಚರವಿರುವ ನಾಯಿಯ ಪಿಂಡದಿಂದ ಹೊರಬರುವ ರಕ್ತವನ್ನು ಸೂಜಿಯಿಂದ ತೆಗೆದು ನೋಡಿದರು. ನಾಯಿಯ ಮಟ್ಟಿಗೆ ಇದು ನಡೆಯಿತು. ಮನುಷ್ಯನಿಗೆ ಹೀಗೆ ಮಾಡುವಂತಿರಲಿಲ್ಲ.

ಆ ಮಾರ್ಗದ ಹಿಂದೆ ಇದ್ದ ತತ್ತ್ವ ಮಾತ್ರ ಬಹು ಸರಳವಾದುದು. ಜರ್ಮನಿಯ ಅಡಾಲ್ಫ್ ಫಿಕ್ 1870ರಲ್ಲಿ ಅದನ್ನು ಹೃದಯದ ವಿಷಯವಾಗಿ ಹೇಳಿದ್ದನು. ಒಂದು ದೃಷ್ಟಾಂತದಿಂದ ಅದನ್ನು ತಿಳಿದುಕೊಳ್ಳೋಣ.

ಎತ್ತರದ ಗೋಡೆಯುಳ್ಳ ಭತ್ತದ ಮಂಡಿಯೊಂದಿದೆ ಎಂದು ಭಾವಿಸಿರಿ. ಒಂದು ಬಾಗಿಲಿನಿಂದ ಗಾಡಿಗಳು ಒಳಕ್ಕೆ ಬರುತ್ತವೆ, ಮತ್ತೊಂದರಿಂದ ಹೊರಟುಹೋಗುತ್ತವೆ. ಗಾಡಿಗಳನ್ನು ಎಣಿಸಲು ನಮಗೆ ಅವಕಾಶವಿಲ್ಲ. ಆದರೆ ಪ್ರತಿಯೊಂದು ಗಾಡಿಯಲ್ಲಿಯೂ ಎರಡೆರಡು ಮೂಟೆ ಇರುತ್ತವೆಂದು ನಮಗೆ ಗೊತ್ತು. ಎಲ್ಲ ಗಾಡಿಗಳೂ ಒಳಗೆ ಮೂಟೆಗಳನ್ನು ಇಳಿಸಿ ಬರಿದಾಗಿ ಹೊರಡುತ್ತವೆಂದೂ ಗೊತ್ತು. ಸಂಜೆಗೆ ಮಂಡಿಯಲ್ಲಿ ಆರುನೂರು ಮೂಟೆ ಬಿದ್ದಿದ್ದರೆ ಬಂದುಹೋದ ಗಾಡಿಗಳೆಷ್ಟು? ಮುನ್ನೂರು. ಗಾಡಿಯೊಂದನ್ನೂ ಕಣ್ಣಿನಿಂದ ನೋಡದೆ, ಮೂಟೆಗಳನ್ನು ಎಣಿಸಿಯೇ ನಾವು ಸಂಚಾರವನ್ನು ಅಳೆದೆವು.

ಮಂಡಿಯೆಂದರೆ ಮೂತ್ರಪಿಂಡ, ಗಾಡಿಗಳೆಂದರೆ ರಕ್ತದ ದ್ರವಭಾಗ, ಅಂದರೆ ಪ್ಲಾಸ್ಮಾ, ಇಳಿಸಿದ ಮೂಟೆಗಳ ರಾಶಿಯೆಂದರೆ ಮೂತ್ರ. ರಕ್ತದಲ್ಲಿ ಒಂದು ವಸ್ತು ಎಷ್ಟಿದೆಯೆಂಬುದನ್ನು ತೋಳಿನಿಂದ ತೆಗೆದ ನಾಲ್ಕು ಹನಿಗಳಲ್ಲಿ ಪರೀಕ್ಷಿಸಬಹುದು. ಮೂತ್ರದಲ್ಲಿ ಅದು ನಿಮಿಷಕ್ಕೆ ಎಷ್ಟು ಬೀಳುತ್ತದೆಯೆಂಬುದನ್ನು ಶೀಷೆಯಲ್ಲಿ ಅಳೆಯಬಹುದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ, ನಿಮಿಷವೊಂದಕ್ಕೆ ಎಷ್ಟು ಪ್ಲಾಸ್ಮಾ ಆ ವಸ್ತುವಿನಿಂದ ಪೂರ್ತಿಯಾಗಿ ತೊಳೆದಂತಾಯಿತೆಂಬುದು ಸಿಗುತ್ತದೆ. ಈ ಭಾಗಲಬ್ಧಕ್ಕೆ ವ್ಯಾನ್ ಸ್ಲೈಕನ ಬಳಗದವರು 1920ರ ದಶಕದ ಕೊನೆಯಲ್ಲಿ ಕ್ಲಿಯರೆನ್ಸ್ ಎಂದು ಹೆಸರಿಟ್ಟರು. ನಾವು ಅದನ್ನು ಶುದ್ಧಿಪ್ರಮಾಣ ಎನ್ನೋಣ.

ಈಗ ತೊಡಕು ಒಂದೇ. ಯಾವ ವಸ್ತುವನ್ನು ಆರಿಸಬೇಕು? ಯೂರಿಯ ಆಗದು, ಅದು ಸೋಸಿ ಬಂದರೂ ಒಂದು ಭಾಗ ನಳಿಕೆಯಿಂದ ರಕ್ತಕ್ಕೆ ಹಿಂದಿರುಗುತ್ತದೆ. ಗಾಡಿಯವರು ಇಳಿಸಿದ ಮೂಟೆಗಳನ್ನು ಕೆಲವರು ಮರಳಿ ಹೇರಿಕೊಂಡು ಹೋದಂತೆ, ಲೆಕ್ಕ ತಪ್ಪುತ್ತದೆ. 1930ರ ದಶಕದ ಮಧ್ಯದಲ್ಲಿ ಫಿಲಡೆಲ್ಫಿಯದಲ್ಲಿ ರಿಚರ್ಡ್ಸನ ಬಳಗವೂ ನ್ಯೂಯಾರ್ಕಿನಲ್ಲಿ ಸ್ಮಿತ್ ಮತ್ತು ಶ್ಯಾನನ್ ಇವರೂ ಇನ್ಯುಲಿನ್ ಎಂಬ ವಸ್ತುವನ್ನು ಹಿಡಿದರು. ಇದು ಇನ್ಸುಲಿನ್ ಅಲ್ಲ. ವಿದ್ಯಾರ್ಥಿಗಳು ಅಕ್ಷರಗಳನ್ನು ಎಚ್ಚರಿಕೆಯಿಂದ ಓದಬೇಕು. ನಮ್ಮ ತೋಟಗಳಲ್ಲಿ ಬೆಳೆಯುವ ಡೇಲಿಯ ಹೂವಿನ ಗಿಡದ ಗಡ್ಡೆಯಲ್ಲಿರುವ, ಪಿಷ್ಟದ ಜಾತಿಯ ಪದಾರ್ಥವದು. ರಕ್ತಕ್ಕೆ ಸೇರಿಸಿದ ಇನ್ಯುಲಿನ್ ಗೊಂಚಲಿನಲ್ಲಿ ಸುಲಭವಾಗಿ ಸೋಸಿಹೋಗುತ್ತದೆ. ನಳಿಕೆಯು ಅದನ್ನು ಹೀರುವುದೂ ಇಲ್ಲ, ಸ್ರವಿಸುವುದೂ ಇಲ್ಲ. ಆದುದರಿಂದ ಅದರ ಶುದ್ಧಿಪ್ರಮಾಣವೆಂದರೆ ಗೊಂಚಲುಗಳಲ್ಲಿ ಸೋಸಿದ ದ್ರವದ ಪ್ರಮಾಣವೇ. ಆರೋಗ್ಯವಂತನಾದ ತರುಣನಲ್ಲಿ ಅದು ನಿಮಿಷಕ್ಕೆ ಸುಮಾರು 125 ಮಿಲಿಲೀಟರ್. ಗುಣಿಸಿ ನೋಡಿರಿ, ದಿನವೊಂದಕ್ಕೆ 180 ಲೀಟರ್ ಆಗುತ್ತದೆ! ದೇಹದಲ್ಲಿರುವ ಪ್ಲಾಸ್ಮಾ ಮೂರು ಲೀಟರಿನಷ್ಟು. ಅಷ್ಟನ್ನೂ ಮೂತ್ರಪಿಂಡಗಳು ದಿನಕ್ಕೆ ಅರುವತ್ತು ಬಾರಿ ಸೋಸುತ್ತವೆ. ಅದರಲ್ಲಿ ಒಂದೂವರೆ ಲೀಟರಿನಷ್ಟು ಮಾತ್ರ ಮೂತ್ರವಾಗಿ ಹೊರಬೀಳುತ್ತದೆ. ಉಳಿದುದನ್ನೆಲ್ಲ ನಳಿಕೆಗಳು ಹಿಂದಕ್ಕೆ ಹೀರಿಕೊಳ್ಳುತ್ತವೆ.

ಆದರೆ ಇದು ಸೋಸಿದ ದ್ರವದ ಲೆಕ್ಕವಾಯಿತೇ ಹೊರತು ಹರಿದುಹೋದ ರಕ್ತದ ಲೆಕ್ಕವಾಗಲಿಲ್ಲ. ಗೊಂಚಲಿಗೆ ಬಂದ ಪ್ಲಾಸ್ಮಾದಲ್ಲಿ ಐದನೆಯ ಒಂದು ಪಾಲು ಮಾತ್ರ ಸೋಸುತ್ತದೆ. ನಾಲ್ಕು ಪಾಲು ಸೋಸದೆಯೇ ಮುಂದಕ್ಕೆ ಹೋಗುತ್ತದೆ. ಮಂಡಿಗೆ ಬಂದ ಐದು ಗಾಡಿಗಳಲ್ಲಿ ಒಂದು ಮಾತ್ರ ಮೂಟೆ ಇಳಿಸಿ, ನಾಲ್ಕು ಹೊರೆಯೊಡನೆ ಹೊರಟುಹೋದರೆ ರಾಶಿಯನ್ನು ನೋಡಿ ಗಾಡಿಗಳನ್ನು ಎಣಿಸುವುದು ಹೇಗೆ?

ಇಲ್ಲಿ ರಕ್ತದ ಎರಡನೆಯ ನಿಲ್ದಾಣ ಸಹಾಯಕ್ಕೆ ಬಂದಿತು. ಸೋಸದೆ ಉಳಿದ ನಾಲ್ಕು ಪಾಲು ಪ್ಲಾಸ್ಮಾ ನಳಿಕೆಗಳನ್ನು ಸುತ್ತಿಕೊಂಡೇ ಹೋಗಬೇಕಲ್ಲವೆ? ಅಲ್ಲಿ ನಳಿಕೆಗಳು ಒಂದು ವಸ್ತುವನ್ನು ಬಿಡದೆ ಕಿತ್ತುಕೊಂಡು ಮೂತ್ರಕ್ಕೆ ಹಾಕುವಂತಿದ್ದರೆ, ಒಂದೇ ಪ್ರಯಾಣದಲ್ಲಿ ಪ್ಲಾಸ್ಮಾವೆಲ್ಲ ಆ ವಸ್ತುವಿನಿಂದ ಬರಿದಾಗುತ್ತದೆ. ಮಾರ್ಷಲ್ಲನ ಕೆಂಪು ಬಣ್ಣ ಈ ಜಾತಿಯದೇ. ಆದರೆ ಅದನ್ನು ನಳಿಕೆಗಳು ಪೂರ್ತಿಯಾಗಿ ತೆಗೆಯಲಾರವು. ಹೋಮರ್ ಸ್ಮಿತ್, ವೈದ್ಯರಾದ ಗೋಲ್ಡ್ರಿಂಗ್ ಮತ್ತು ಚೇಸಿಸ್ ಇವರೊಡನೆ ಸೇರಿ, ಕ್ಷಕಿರಣ ಚಿತ್ರಗಳಿಗಾಗಿ ಬಳಸುತ್ತಿದ್ದ ಡಯೋಡ್ರಾಸ್ಟ್ ಎಂಬ ಅಯೊಡೀನ್ ಸಂಯುಕ್ತವನ್ನು ಪ್ರಯೋಗಿಸಿ, ಮನುಷ್ಯನ ಮೂತ್ರಪಿಂಡದ ರಕ್ತದ ಹರಿವನ್ನು ಕುರಿತ ಪ್ರಬಂಧವನ್ನು 1938ರಲ್ಲಿ ಪ್ರಕಟಿಸಿದನು. ಕೆಲವು ವರ್ಷಗಳಲ್ಲಿ ಅದಕ್ಕಿಂತ ಅನುಕೂಲವಾದ ಮತ್ತೊಂದು ವಸ್ತು ದೊರೆಯಿತು. ಅದರ ಹೆಸರು ಪ್ಯಾರಾ ಅಮಿನೊ ಹಿಪ್ಯೂರಿಕ್ ಆಮ್ಲ, ಸಂಕ್ಷೇಪವಾಗಿ ಪಿ.ಎ.ಎಚ್. ಇದರ ಬಂಧುವಾದ ಹಿಪ್ಯೂರಿಕ್ ಆಮ್ಲವನ್ನು ಲೀಬಿಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ 1829ರಲ್ಲಿ ಕುದುರೆಯ ಮೂತ್ರದಲ್ಲಿ ಗುರುತಿಸಿದ್ದನು. ಗ್ರೀಕ್ ಭಾಷೆಯಲ್ಲಿ ಹಿಪೊಸ್ ಎಂದರೆ ಕುದುರೆ. ಹೆಸರಿನ ಗುಟ್ಟು ಅದೇ.

ಪರೀಕ್ಷೆ ನಡೆಯುವ ಬಗೆ ಹೀಗೆ. ಮಲಗಿರುವ ವ್ಯಕ್ತಿಯ ಅಭಿಧಮನಿಗೆ ಪಿ.ಎ.ಎಚ್. ದ್ರಾವಣವನ್ನು ಹನಿಹನಿಯಾಗಿ ಒಂದೇ ವೇಗದಲ್ಲಿ ಬಿಡುತ್ತಾರೆ. ರಕ್ತದಲ್ಲಿ ಅದರ ಪ್ರಮಾಣ ಏರಿಳಿಯದೆ ನಿಂತ ಮೇಲೆ ಗಡಿಯಾರವನ್ನು ನೋಡಿಕೊಂಡು ಮೂತ್ರವನ್ನು ಸಂಗ್ರಹಿಸುತ್ತಾರೆ; ನಡುನಡುವೆ ರಕ್ತದ ಮಾದರಿಯನ್ನು ತೆಗೆಯುತ್ತಾರೆ. ಪ್ಲಾಸ್ಮಾದ ಒಂದು ಮಿಲಿಲೀಟರಿನಲ್ಲಿ 0.02 ಮಿಲಿಗ್ರಾಂ ಪಿ.ಎ.ಎಚ್. ಇದೆಯೆನ್ನಿ. ಮೂತ್ರದಲ್ಲಿ ನಿಮಿಷಕ್ಕೆ 12 ಮಿಲಿಗ್ರಾಂ ಬಂದಿತೆನ್ನಿ. 12ನ್ನು 0.02ರಿಂದ ಭಾಗಿಸಿದರೆ 600. ನಿಮಿಷಕ್ಕೆ 600 ಮಿಲಿಲೀಟರ್ ಪ್ಲಾಸ್ಮಾ ಬರಿದಾಯಿತೆಂದು ಅರ್ಥ. ರಕ್ತದಲ್ಲಿನ ಪ್ರಮಾಣ ಮಾತ್ರ ಕಡಿಮೆಯಾಗಿಯೇ ಇರಬೇಕು. ಹೆಚ್ಚಾದರೆ ನಳಿಕೆಗಳು ಸೋಲುತ್ತವೆ. ಹಮಾಲರ ಶಕ್ತಿಗೂ ಒಂದು ಮಿತಿಯುಂಟು.

ಎಲ್ಲ ಗಾಡಿಗಳೂ ನಿಜವಾಗಿ ಬರಿದಾಗಿಯೇ ಹೊರಟವೆಂಬುದಕ್ಕೆ ಪ್ರಮಾಣವೇನು? ಇದನ್ನು ತಿಳಿಯಲು ಹೊರಬಾಗಿಲಿನಲ್ಲಿಯೇ ನಿಂತು ನೋಡಬೇಕು. ಎಂದರೆ ಮೂತ್ರಪಿಂಡದ ಅಭಿಧಮನಿಯಿಂದ ರಕ್ತವನ್ನು ತೆಗೆಯಬೇಕು. ಅದಕ್ಕೂ ಒಂದು ದಾರಿ ಆ ವೇಳೆಗೆ ತೆರೆದಿತ್ತು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡ್ ಎಂಬ ಊರಿನ ತರುಣ ವೈದ್ಯ ವರ್ನರ್ ಫೋರ್ಸ್‌ಮನ್, ಮೂತ್ರನಾಳದ ತಪಾಸಣೆಗೆ ಬಳಸುವ ತೆಳುವಾದ ಕೊಳವೆಯೊಂದನ್ನು ತನ್ನ ತೋಳಿನ ಅಭಿಧಮನಿಯ ಮೂಲಕ ತನ್ನ ಹೃದಯದವರೆಗೂ ತಾನೇ ತೂರಿಸಿಕೊಂಡು, ಕ್ಷಕಿರಣದ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿದ್ದನು. ಆಗ ಅದನ್ನು ಹುಚ್ಚುಸಾಹಸವೆಂದವರೇ ಹೆಚ್ಚು. ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ ಕೂರ್ನಾನ್ ಮತ್ತು ಡಿಕಿನ್ಸನ್ ರಿಚರ್ಡ್ಸ್ ಎಂಬವರು (ಕಪ್ಪೆಯ ಪ್ರಯೋಗದ ರಿಚರ್ಡ್ಸ್ ಬೇರೆ, ಈತ ಬೇರೆ) ಆ ವಿಧಾನವನ್ನು ಪಳಗಿಸಿದರು. 1956ರ ನೊಬೆಲ್ ಬಹುಮಾನ ಈ ಮೂವರಿಗೂ ಸಂದಿತು. ಅಂಥ ಕೊಳವೆಯನ್ನು ಇನ್ನಷ್ಟು ಕೆಳಕ್ಕೆ ನಡೆಸಿ 1940ರ ದಶಕದಲ್ಲಿ ಮೂತ್ರಪಿಂಡದ ಅಭಿಧಮನಿಗೆ ಮುಟ್ಟಿಸಿದರು. ಅಲ್ಲಿ ತೆಗೆದ ರಕ್ತದಲ್ಲಿ ಪಿ.ಎ.ಎಚ್.ನ ಹತ್ತನೆಯ ಒಂದು ಪಾಲಿನಷ್ಟು ಉಳಿದಿತ್ತು. ನೂರಕ್ಕೆ ತೊಂಬತ್ತರಷ್ಟು ಮೂಟೆಗಳು ಇಳಿದಿದ್ದವು. ಸ್ಮಿತ್ ಇದನ್ನು ಊಹಿಸದಿರಲಿಲ್ಲ. ಪಿಂಡದ ಹೊದಿಕೆಗೂ ಕೊಬ್ಬಿಗೂ ತಿರುಳಿಗೂ ಹೋಗುವ ರಕ್ತವು ಸ್ರವಿಸುವ ನಳಿಕೆಗಳನ್ನು ತಾಕುವುದಿಲ್ಲವೆಂದು ತಿಳಿದೇ ಅವನು ತನ್ನ ಅಳತೆಗೆ ಪರಿಣಾಮಕಾರಿ ಹರಿವು ಎಂಬ ಎಚ್ಚರಿಕೆಯ ಹೆಸರನ್ನು ಕೊಟ್ಟಿದ್ದನು.

ಈಗ ಲೆಕ್ಕವನ್ನು ಮುಗಿಸಬಹುದು. 600ನ್ನು 0.9ರಿಂದ ಭಾಗಿಸಿದರೆ ಪ್ಲಾಸ್ಮಾದ ನಿಜವಾದ ಹರಿವು ಸುಮಾರು 667 ಮಿಲಿಲೀಟರ್. ರಕ್ತದಲ್ಲಿ ನೂರಕ್ಕೆ ನಲವತ್ತೈದರಷ್ಟು ರಕ್ತಕಣಗಳಿವೆಯೆಂದು ಹಿಡಿದರೆ, ಪ್ಲಾಸ್ಮಾ ಐವತ್ತೈದರಷ್ಟು. 667ನ್ನು 0.55ರಿಂದ ಭಾಗಿಸಿದರೆ 1200 ಮಿಲಿಲೀಟರಿಗಿಂತ ಕೊಂಚ ಹೆಚ್ಚು. ನಿಮಿಷಕ್ಕೆ ಒಂದೂಕಾಲು ಲೀಟರಿನಷ್ಟು ರಕ್ತ!

ಈ ಸಂಖ್ಯೆಯ ಮಹತ್ತ್ವ ಹೋಲಿಸಿ ನೋಡಿದಾಗ ತಿಳಿಯುತ್ತದೆ. ವಿಶ್ರಾಂತಿಯಲ್ಲಿರುವ ಮನುಷ್ಯನ ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತವನ್ನು ಹೊರದೂಡುತ್ತದೆ. ದೇಹದ ತೂಕದಲ್ಲಿ ನೂರರಲ್ಲಿ ಅರ್ಧ ಪಾಲೂ ಆಗದ ಈ ಎರಡು ಪಿಂಡಗಳು ಅದರಲ್ಲಿ ಐದನೆಯ ಒಂದು ಪಾಲಿನಿಂದ ಕಾಲು ಭಾಗದವರೆಗೆ ಪಡೆಯುತ್ತವೆ. ಒಂದೂಕಾಲು ಕಿಲೋಗ್ರಾಂಗೂ ಹೆಚ್ಚು ತೂಗುವ ಮಿದುಳಿಗೆ ಸಿಗುವುದು ನಿಮಿಷಕ್ಕೆ ಮುಕ್ಕಾಲು ಲೀಟರ್ ಮಾತ್ರ. ಹಾಗೆಂದು ಮೂತ್ರಪಿಂಡ ಹೊಟ್ಟೆಬಾಕನಲ್ಲ. ತನಗೆ ಬಂದ ಆಮ್ಲಜನಕದಲ್ಲಿ ಅಲ್ಪಭಾಗವನ್ನು ಮಾತ್ರ ಬಳಸಿಕೊಂಡು ಉಳಿದುದನ್ನು ಹಿಂದಿರುಗಿಸುತ್ತದೆ. ಅಷ್ಟು ರಕ್ತ ಅದಕ್ಕೆ ಬರುವುದು ಅದರ ಸ್ವಂತ ಪೋಷಣೆಗಾಗಿ ಅಲ್ಲ, ದೇಹವೆಲ್ಲದರ ಶುಚಿಗಾಗಿ. ಹರಿವನ್ನು ಏಕರೀತಿಯಾಗಿ ಇಟ್ಟುಕೊಳ್ಳುವ ಶಕ್ತಿಯೂ ಅದಕ್ಕಿದೆ. ಧಮನಿಯ ಸರಾಸರಿ ಒತ್ತಡವು ಸುಮಾರು 80ರಿಂದ 180 ಮಿಲಿಮೀಟರ್ ಪಾದರಸದವರೆಗೆ ಏರಿಳಿದರೂ, ಒಳಬರುವ ಕಿರುಧಮನಿಗಳು ಬಿಗಿದು ಸಡಿಲಿ ರಕ್ತದ ಹರಿವನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕಾಪಾಡುತ್ತವೆ. ತೂಬಿನ ಬಾಗಿಲನ್ನು ಏರಿಸಿ ಇಳಿಸಿ ಕಾಲುವೆಯ ನೀರನ್ನು ಹದವಾಗಿಡುವ ನೀರುಗಂಟಿಯಂತೆ.

ಆದರೆ ಈ ಹರಿವು ಯಾವ ಸ್ಥಿತಿಯಲ್ಲಿಯೂ ಕುಗ್ಗದೆಂದು ತಿಳಿಯಬಾರದು. ನೀವು ಆಟದ ಬಯಲಿನಲ್ಲಿ ಏದುಸಿರು ಬಿಡುತ್ತ ಓಡುವಾಗ ಕಾಲಿನ ಸ್ನಾಯುಗಳಿಗೆ ರಕ್ತ ಹೆಚ್ಚಾಗಿ ಬೇಕು. ಆಗ ಮೂತ್ರಪಿಂಡಕ್ಕೆ ಬರುವ ರಕ್ತ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಓಟ ನಿಂತೊಡನೆ ಅದು ಮರಳುವುದರಿಂದ ಹಾನಿಯಿಲ್ಲ. ಅಪಾಯವಿರುವುದು ಅದು ಮರಳದಿದ್ದಾಗ.

ಆ ಅಪಾಯದ ಭೀಕರ ಪರಿಚಯವಾದುದು ಎರಡನೆಯ ಮಹಾಯುದ್ಧದಲ್ಲಿ. 1940ರಲ್ಲಿ ಲಂಡನ್ ನಗರದ ಮೇಲೆ ರಾತ್ರಿರಾತ್ರಿಯೂ ಬಾಂಬುಗಳು ಬೀಳುತ್ತಿದ್ದವು. ಕುಸಿದ ಮನೆಗಳ ಅಡಿಯಲ್ಲಿ ಕೈಕಾಲು ಸಿಕ್ಕಿಕೊಂಡು ಹಲವು ಗಂಟೆಗಳ ಕಾಲ ಬಿದ್ದಿದ್ದವರನ್ನು ಹೊರಗೆಳೆದು ಆಸ್ಪತ್ರೆಗೆ ತರುತ್ತಿದ್ದರು. ಅವರಲ್ಲಿ ಕೆಲವರು ಮೊದಲಿಗೆ ಚೆನ್ನಾಗಿಯೇ ಕಾಣುತ್ತಿದ್ದರು. ಬಳಿಕ ರಕ್ತದೊತ್ತಡ ಇಳಿಯುತ್ತಿತ್ತು. ರಕ್ತ ಕೊಟ್ಟರೆ ಏರುತ್ತಿತ್ತು. ಆದರೆ ಮೂತ್ರ ಮಾತ್ರ ದಿನದಿಂದ ದಿನಕ್ಕೆ ಕಡಿಮೆಯಾಗಿ, ಒಂದು ವಾರದೊಳಗಾಗಿ ಅವರು ಸಾಯುತ್ತಿದ್ದರು. ಬೈವಾಟರ್ಸ್ ಮತ್ತು ಬೀಲ್ ಎಂಬ ವೈದ್ಯರು 1941ರಲ್ಲಿ ಇದನ್ನು ವಿವರವಾಗಿ ವರ್ಣಿಸಿದರು. ಜಜ್ಜಿಹೋದ ಸ್ನಾಯುಗಳ ಕೆಂಬಣ್ಣದ ಪ್ರೋಟೀನು ನಳಿಕೆಗಳಿಗೆ ಹಾನಿ ಮಾಡುತ್ತಿತ್ತೆಂಬುದು ಈ ದುರಂತದ ಒಂದು ಕಾರಣ. ಮತ್ತೊಂದು ಕಾರಣ ರಕ್ತದ ಹೊಳೆಯೇ ಬತ್ತಿದುದು.

ಅದೇ ಯುದ್ಧದ ವರ್ಷಗಳಲ್ಲಿ ಬೆಲ್‌ವ್ಯೂ ಆಸ್ಪತ್ರೆಯ ವೈದ್ಯರು, ಗಾಯಗಳಿಂದಲೋ ರಕ್ತಸ್ರಾವದಿಂದಲೋ ಆಘಾತಕ್ಕೊಳಗಾದ ರೋಗಿಗಳಲ್ಲಿ ಸ್ಮಿತ್‌ನ ಶುದ್ಧಿಪ್ರಮಾಣದ ಅಳತೆಗಳನ್ನು ನಡೆಸಿ 1944ರಲ್ಲಿ ವರದಿ ಮಾಡಿದರು. ಆ ಅಳತೆಗಳಿಂದ ಒಂದು ಸಂಗತಿ ಬೆಳಕಿಗೆ ಬಂದಿತು. ಆಘಾತದಲ್ಲಿ ಮೂತ್ರಪಿಂಡದ ರಕ್ತವು ರಕ್ತದೊತ್ತಡ ಇಳಿದುದಕ್ಕಿಂತ ಎಷ್ಟೋ ಹೆಚ್ಚಾಗಿ ಇಳಿಯುತ್ತದೆ. ರಕ್ತದ ಕೊರತೆ ಬಂದಾಗ ದೇಹವು ಮಿದುಳನ್ನೂ ಹೃದಯವನ್ನೂ ಉಳಿಸಿಕೊಳ್ಳಲು ಚರ್ಮದ, ಕರುಳಿನ, ಮೂತ್ರಪಿಂಡದ ನಾಳಗಳನ್ನು ಬಿಗಿಹಿಡಿಯುತ್ತದೆ. ಬರಗಾಲದಲ್ಲಿ ಕುಡಿಯುವ ನೀರಿಗಾಗಿ ಗದ್ದೆಯ ತೂಬನ್ನು ಮುಚ್ಚಿದಂತೆ. ಕೆಲವು ಹೊತ್ತಿನ ಮಟ್ಟಿಗೆ ಇದು ವಿವೇಕದ ಕ್ರಮವೇ ಸರಿ. ಆದರೆ ಬಹಳ ಹೊತ್ತು ತೂಬು ಮುಚ್ಚಿದ್ದರೆ ಪೈರು ಒಣಗುತ್ತದೆ. ಮೂತ್ರಪಿಂಡದ ತಿರುಳಿಗೆ ಸಾಮಾನ್ಯ ದಿನಗಳಲ್ಲಿಯೂ ಬರುವುದು ಒಟ್ಟು ರಕ್ತದ ಹತ್ತನೆಯ ಒಂದು ಪಾಲಿನಷ್ಟೇ. ಆದುದರಿಂದ ಅಲ್ಲಿನ ನಳಿಕೆಗಳು ಬಹು ಬೇಗ ಸೊರಗುತ್ತವೆ. ಈ ಅರಿವಿನಿಂದ ಗಾಯಾಳುಗಳಿಗೆ ತಡಮಾಡದೆ ರಕ್ತವನ್ನೂ ಲವಣದ್ರಾವಣವನ್ನೂ ಕೊಡುವ ಪದ್ಧತಿಗೆ ಬಲ ಬಂದಿತು.

ಈ ಸಂಶೋಧನೆಗೆ ಕವಲಿನ ಫಲವೂ ಒಂದುಂಟು. 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಪೆನಿಸಿಲಿನ್ ಔಷಧವನ್ನು ಮೊದಲು ಪಡೆದವರಲ್ಲಿ ಒಬ್ಬ ಪೊಲೀಸ್ ಪೇದೆಯಿದ್ದನು. ಔಷಧ ಎಷ್ಟು ವಿರಳವಾಗಿತ್ತೆಂದರೆ, ಅವನ ಮೂತ್ರದಿಂದ ಅದನ್ನು ಮತ್ತೆ ಬೇರ್ಪಡಿಸಿ ಅವನಿಗೇ ಚುಚ್ಚುತ್ತಿದ್ದರು. ಆದರೂ ಔಷಧ ಮುಗಿದು ಅವನು ಬದುಕಲಿಲ್ಲ. ಪೆನಿಸಿಲಿನ್ನನ್ನು ಅಷ್ಟು ಬೇಗ ಹೊರಹಾಕುತ್ತಿದ್ದವು ಯಾವುವು? ಪಿ.ಎ.ಎಚ್.ನ್ನು ಕಿತ್ತುಕೊಳ್ಳುವ ಆ ನಳಿಕೆಗಳೇ! ಎರಡನ್ನೂ ಒಟ್ಟಿಗೆ ಕೊಟ್ಟರೆ ಹಮಾಲರು ಪಿ.ಎ.ಎಚ್. ಮೂಟೆಗಳಲ್ಲಿ ತೊಡಗಿ ಪೆನಿಸಿಲಿನ್ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದೆಂದು ವಿಜ್ಞಾನಿಗಳು ಯುದ್ಧಕಾಲದಲ್ಲಿ ಪ್ರಯೋಗಿಸಿ ನೋಡಿದರು. ಇದೇ ತತ್ತ್ವದ ಮೇಲೆ ಮುಂದೆ ಪ್ರೊಬೆನೆಸಿಡ್ ಎಂಬ ಔಷಧ ಸಿದ್ಧವಾಯಿತು.

ಇಂದು ಪಿ.ಎ.ಎಚ್. ಪರೀಕ್ಷೆಯನ್ನು ಹೆಚ್ಚಾಗಿ ಸಂಶೋಧನಾಲಯಗಳಲ್ಲಿ ಮಾತ್ರ ನಡೆಸುತ್ತಾರೆ. ಆಸ್ಪತ್ರೆಗಳಲ್ಲಿ ಶ್ರವಣಾತೀತ ಧ್ವನಿತರಂಗಗಳನ್ನು ಕಳುಹಿಸಿ, ಹರಿಯುವ ರಕ್ತಕಣಗಳಿಂದ ಅವು ಪ್ರತಿಫಲಿಸಿ ಬರುವಾಗ ಆಗುವ ಸ್ವರಭೇದದಿಂದ ರಕ್ತದ ವೇಗವನ್ನು ತಿಳಿಯುತ್ತಾರೆ. ದೂರದಿಂದ ಬರುವ ರೈಲಿನ ಸಿಳ್ಳು ನಮ್ಮನ್ನು ದಾಟಿದೊಡನೆ ತಗ್ಗಿದಂತೆ ಕೇಳುವುದಲ್ಲವೆ? ಅದೇ ತತ್ತ್ವ ಇಲ್ಲಿಯೂ ಇದೆ. ವಿಕಿರಣಶೀಲ ಧಾತುವನ್ನು ಸೇರಿಸಿದ ವಸ್ತುಗಳಿಂದ ಎಡ ಮತ್ತು ಬಲ ಪಿಂಡಗಳ ಪಾಲನ್ನು ಬೇರೆಬೇರೆಯಾಗಿ ಕಾಣಬಹುದು. ಪ್ರಬಲವಾದ ಕಾಂತಕ್ಷೇತ್ರದ ಯಂತ್ರಗಳು ಏನನ್ನೂ ಚುಚ್ಚದೆಯೇ ರಕ್ತದ ಹರಿವಿನ ಚಿತ್ರವನ್ನು ಬಿಡಿಸಿ ತೋರಿಸುತ್ತವೆ.

ಹರಿವನ್ನು ಕುಗ್ಗಿಸುವ ಕಾರಣಗಳೂ ಇಂದು ಹೆಚ್ಚು ಸ್ಪಷ್ಟವಾಗಿವೆ. ಬಿರುಬಿಸಿಲಿನಲ್ಲಿ ದುಡಿದು ಬೆವರಿ ನೀರು ಕುಡಿಯದಿರುವುದು, ವಾಂತಿಭೇದಿಯಿಂದ ದೇಹ ಒಣಗುವುದು ಇವು ತಿಳಿದ ಕಾರಣಗಳು. ಅಷ್ಟಾಗಿ ತಿಳಿಯದ ಕಾರಣ ನೋವಿನ ಮಾತ್ರೆ. ದೇಹದಲ್ಲಿ ನೀರು ಕಡಿಮೆಯಾದಾಗ ಮೂತ್ರಪಿಂಡವು ತನ್ನೊಳಗೆ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ತಯಾರಿಸಿ, ಒಳಬರುವ ಕಿರುಧಮನಿಗಳನ್ನು ಹಿಗ್ಗಿಸಿ ತನ್ನ ಪಾಲಿನ ರಕ್ತವನ್ನು ಉಳಿಸಿಕೊಳ್ಳುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ಮಾತ್ರೆಗಳು ಈ ರಾಸಾಯನಿಕಗಳ ತಯಾರಿಕೆಯನ್ನೇ ತಡೆಯುತ್ತವೆ. ಮೈಯಲ್ಲಿ ನೀರಿದ್ದಾಗ ಒಂದೆರಡು ಮಾತ್ರೆ ನುಂಗಿದರೆ ಆರೋಗ್ಯವಂತರಿಗೆ ಸಾಮಾನ್ಯವಾಗಿ ತೊಂದರೆಯಾಗದು. ಬಳಲಿ ಒಣಗಿದ ದೇಹಕ್ಕೆ, ವಯಸ್ಸಾದವರಿಗೆ, ಅವೇ ಮಾತ್ರೆಗಳು ತೂಬನ್ನು ಮುಚ್ಚಿಬಿಡಬಲ್ಲವು. ಮೈಕೈ ನೋವಿಗೆಂದು ಅಂಗಡಿಯಿಂದ ತಾವೇ ಮಾತ್ರೆ ತಂದು ದಿನವೂ ನುಂಗುವ ಹಿರಿಯರು ನಮ್ಮ ಮನೆಗಳಲ್ಲಿ ಕಡಿಮೆಯಿಲ್ಲ.

ದೊಡ್ಡ ಶಸ್ತ್ರಕ್ರಿಯೆಯಾದ ರೋಗಿಯ ಮಂಚದ ಪಕ್ಕದಲ್ಲಿ, ಗೆರೆಗಳನ್ನು ಗುರುತಿಸಿದ ಒಂದು ಚೀಲ ತೂಗುತ್ತಿರುತ್ತದೆ. ಅದರಲ್ಲಿ ಮೂತ್ರ ಹನಿಹನಿಯಾಗಿ ಸೇರುತ್ತದೆ. ದಾದಿಯು ಗಂಟೆಗೊಮ್ಮೆ ಬಂದು, ಬಗ್ಗಿ ನೋಡಿ, ಅಂಕಿಯನ್ನು ಹಾಳೆಯಲ್ಲಿ ಬರೆಯುತ್ತಾಳೆ. ದೊಡ್ಡವರಲ್ಲಿ ದೇಹತೂಕದ ಕಿಲೋಗ್ರಾಂ ಒಂದಕ್ಕೆ ಗಂಟೆಗೆ ಅರ್ಧ ಮಿಲಿಲೀಟರ್ ಬರಬೇಕೆಂಬುದು ಲೆಕ್ಕ. ಅರುವತ್ತು ಕಿಲೋಗ್ರಾಂ ತೂಗುವವನಿಗೆ ಮೂವತ್ತು ಮಿಲಿಲೀಟರ್. ಅದಕ್ಕಿಂತ ಕಡಿಮೆಯಾದ ಗಂಟೆಗಳು ಒಂದರ ಮೇಲೊಂದು ಬಂದರೆ, ರೋಗಿಯ ನಾಡಿಯೂ ರಕ್ತದೊತ್ತಡವೂ ಇನ್ನೂ ಸರಿಯಾಗಿಯೇ ಇದ್ದರೂ, ಅವಳು ವೈದ್ಯರನ್ನು ಕರೆಯುತ್ತಾಳೆ.